ಮೋಟಾರ್ ಸುಡುವ ಮುನ್ನ ಮುಳ್ಳು ನೋಡಿ

ಟ್ರಾಕ್ಟರಿನ ಚಾವಿ ತಿರುಗಿಸಿದ ಕೂಡಲೆ ಎದುರಿನ ಫಲಕದಲ್ಲಿ ಎಣ್ಣೆಗಿಂಡಿಯ ಗುರುತಿರುವ ಕೆಂಪು ದೀಪವೊಂದು ಹೊತ್ತಿಕೊಳ್ಳುತ್ತದೆ. ಇಂಜಿನ್ ಚಾಲೂ ಆದ ಎರಡು ಮೂರು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಆರದಿದ್ದರೆ ಅನುಭವಸ್ಥ ಚಾಲಕ ಇಂಜಿನ್ನನ್ನು ಆಗಿಂದಾಗಲೇ ನಿಲ್ಲಿಸಿ ಕೆಳಗಿಳಿಯುತ್ತಾನೆ. ಎಣ್ಣೆಯ ಒತ್ತಡವಿಲ್ಲದೆ ಓಡಿಸಿದರೆ ಬೇರಿಂಗು ಹಿಡಿದುಕೊಂಡು ಸಾವಿರಾರು ರೂಪಾಯಿ ಕೈಬಿಡುತ್ತದೆಂಬುದು ಅವನಿಗೆ ಗೊತ್ತು. ಅದೇ ರೈತನ ತೋಟದ ಮೂಲೆಯಲ್ಲಿ ಐನೂರು ಅಡಿ ಆಳದಲ್ಲಿ ಕಣ್ಣಿಗೆ ಕಾಣದೆ ತಿರುಗುವ ಸಬ್‌ಮರ್ಸಿಬಲ್ ಪಂಪಿಗೆ ಮಾತ್ರ ದೀಪವೂ ಇಲ್ಲ, ಮುಳ್ಳೂ ಇಲ್ಲ. ನೀರು ಬೀಳುವ ಸದ್ದೊಂದೇ ಸುದ್ದಿ. ಕರೆಂಟು ರಾತ್ರಿ ಒಂದು ಗಂಟೆಗೆ ಬಂದು, ಆಟೋ ಸ್ಟಾರ್ಟರ್ ತನ್ನಷ್ಟಕ್ಕೆ ಮೋಟಾರ್ ಎತ್ತಿದರೆ ಆ ಸದ್ದನ್ನು ಕೇಳುವವರೂ ಇಲ್ಲ.

ಕೊಳವೆ ಬಾವಿಯನ್ನೇ ನಂಬಿರುವ ಊರುಗಳಲ್ಲಿ ರಿವೈಂಡಿಂಗ್ ಅಂಗಡಿಗಳು ಏಕೆ ಇಷ್ಟು ಚೆನ್ನಾಗಿ ನಡೆಯುತ್ತವೆ ಎಂದು ಯೋಚಿಸಿದರೆ ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ. ಉಳಿದರ್ಧಕ್ಕೆ ವೋಲ್ಟೇಜು, ಫೇಸ್ ಹೋಗುವುದು ಮುಂತಾದ ಬೇರೆ ಕಾರಣಗಳಿವೆ. ಅವುಗಳ ಬಗ್ಗೆ ಈ ಪುಟದ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಪಂಪಿನಿಂದ ಹೊರಬರುವ ನೀರಿನ ಒತ್ತಡವನ್ನು ಅಳೆಯುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲವೆಂಬುದೇ ಈ ಲೇಖನದ ದೂರು. ಪೈಪಿಗೆ ಹಣ ಹಾಕುತ್ತೇವೆ, ಡ್ರಿಪ್ಪಿಗೆ ಸಹಾಯಧನ ಪಡೆಯುತ್ತೇವೆ, ಮೊಬೈಲಿನಿಂದ ಮೋಟಾರ್ ಚಾಲೂ ಮಾಡುವ ಪೆಟ್ಟಿಗೆಯನ್ನೂ ಕೊಳ್ಳುತ್ತೇವೆ. ಆದರೆ ಪೈಪಿನೊಳಗೆ ಏನು ನಡೆದಿದೆ ಎಂದು ಹೇಳುವ ಅಂಗೈ ಅಗಲದ ಒತ್ತಡಮಾಪಕಕ್ಕೆ ಮಾತ್ರ ಜಾಗವಿಲ್ಲ.

ಈಗ ಎಲ್ಲ ಕೃಷಿ ಮೇಳಗಳಲ್ಲೂ 'ಸೆನ್ಸರ್' ಎಂಬ ಮಾತು ಕಿವಿಗೆ ಬೀಳುತ್ತದೆ. ಮಳಿಗೆಯವರು "ಇದರಲ್ಲಿ ಸೆನ್ಸರ್ ಇದೆ ಯಜಮಾನ್ರೇ" ಎಂದರೆ ಮುಂದಿನ ಪ್ರಶ್ನೆ ಕೇಳಲು ರೈತನಿಗೆ ಸಂಕೋಚ. ಕೇಳಿದರೂ ಉತ್ತರ ಕೊಡಲು ಮಾರುವವನಿಗೂ ಬರುವುದಿಲ್ಲ. ದ್ರವದ ಒತ್ತಡ ವಿದ್ಯುತ್ತಿನ ಸಂಕೇತವಾಗಿ ಮಾರ್ಪಡುವುದು ಮಾಯಾಮಂತ್ರವೇನೂ ಅಲ್ಲ. ನೇಗಿಲು, ಕಪಿಲೆ ಬಲ್ಲವರಿಗೆ ಇದು ಅರ್ಥವಾಗದ ವಿಷಯವೂ ಅಲ್ಲ. ಅರ್ಥ ಮಾಡಿಕೊಂಡವನನ್ನು ಮೋಸ ಮಾಡುವುದು ಕಷ್ಟ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಕೆಂಪು ದೀಪದ ಗುಟ್ಟು

ಟ್ರಾಕ್ಟರಿನ ಇಂಜಿನ್ನಿಗೆ ತಿರುಪಿ ಕೂರಿಸಿರುವ ಒಂದು ಚಿಕ್ಕ ಗುಬಟೆ ಇರುತ್ತದೆ, ಅದಕ್ಕೊಂದು ತಂತಿ. ಒಳಗೆ ಡಯಾಫ್ರಂ ಎಂಬ ತೆಳುವಾದ ಪೊರೆ. ಪೊರೆಯ ಒಂದು ಮಗ್ಗುಲಿಗೆ ಇಂಜಿನ್ ಎಣ್ಣೆ, ಇನ್ನೊಂದು ಮಗ್ಗುಲಿಗೆ ಒಂದು ಸ್ಪ್ರಿಂಗು ಮತ್ತು ಎರಡು ಲೋಹದ ತುದಿಗಳು. ಇಂಜಿನ್ ನಿಂತಿರುವಾಗ ಸ್ಪ್ರಿಂಗು ಆ ತುದಿಗಳನ್ನು ಒಂದಕ್ಕೊಂದು ಅಮುಕಿ ಹಿಡಿದಿರುತ್ತದೆ. ಕರೆಂಟು ಹರಿದು ದೀಪ ಹತ್ತುತ್ತದೆ. ಎಣ್ಣೆಯ ಒತ್ತಡ ಏರಿದಾಗ ಪೊರೆ ಉಬ್ಬಿ ಸ್ಪ್ರಿಂಗನ್ನು ಹಿಂದಕ್ಕೆ ನೂಕುತ್ತದೆ, ತುದಿಗಳು ಬಿಡುತ್ತವೆ, ದೀಪ ಆರುತ್ತದೆ. ಇಷ್ಟೇ. ಒತ್ತಡವು ವಿದ್ಯುತ್ತಾಗಿ ಮಾರ್ಪಡುವ ಅತ್ಯಂತ ಸರಳ ರೂಪ ಇದು. ಇದಕ್ಕೆ ಪ್ರೆಶರ್ ಸ್ವಿಚ್ಚು ಎನ್ನುತ್ತಾರೆ. ಅದು ಹೇಳುವುದು ಎರಡೇ ಮಾತು: ಒತ್ತಡ ಇದೆ, ಅಥವಾ ಇಲ್ಲ.

ಎಷ್ಟಿದೆ ಎಂದು ತಿಳಿಯಬೇಕಾದರೆ ಅಳತೆ ಬೇಕು. ಅಳತೆಯ ಹಳೆಯ ದಾರಿಯನ್ನು ಕಂಡುಹಿಡಿದವನು ಫ್ರಾನ್ಸಿನ ಯೂಜೀನ್ ಬೂರ್ಡಾನ್. ೧೮೪೯ರಲ್ಲಿ ಅವನಿಗೆ ಅದರ ಹಕ್ಕುಪತ್ರ ದೊರೆಯಿತು. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಕಾಗದದ ಪೀಪಿಯನ್ನು ಎಲ್ಲರೂ ನೋಡಿದ್ದೇವೆ. ಊದಿದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಸುರುಳಿಯಾಗುತ್ತದೆ. ಬೂರ್ಡಾನನ ಕೊಳವೆಯೂ ಹಾಗೆಯೇ, ಆದರೆ ಲೋಹದ್ದು. ಚಪ್ಪಟೆ ಮಾಡಿದ ಕೊಳವೆಯನ್ನು ಕುಡುಗೋಲಿನಂತೆ ಬಾಗಿಸಿ ಒಂದು ತುದಿ ಮುಚ್ಚಿರುತ್ತಾರೆ. ತೆರೆದ ತುದಿಯಿಂದ ನೀರಿನ ಒತ್ತಡ ಒಳಹೊಕ್ಕರೆ ಬಾಗು ಕೊಂಚ ಬಿಚ್ಚಿಕೊಳ್ಳುತ್ತದೆ. ಮುಚ್ಚಿದ ತುದಿ ಕೆಲವೇ ಮಿಲಿಮೀಟರು ಸರಿಯುತ್ತದೆ, ಅಷ್ಟೇ. ಆ ಅಲ್ಪ ಚಲನೆಯನ್ನು ಹಲ್ಲುಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಕರೆಂಟು ಬೇಡ, ಬ್ಯಾಟರಿ ಬೇಡ, ಮೊಬೈಲ್ ಸಿಗ್ನಲ್ ಬೇಡ. ಬಾಯ್ಲರಿನಿಂದ ಹಿಡಿದು ಆಕ್ಸಿಜನ್ ಸಿಲಿಂಡರಿನವರೆಗೆ ಇಂದಿಗೂ ಇದೇ ಮುಳ್ಳು ದುಡಿಯುತ್ತಿದೆ.

ಇದೇ ಕೊಳವೆಯ ತುದಿಗೆ ಮುಳ್ಳಿನ ಬದಲು ಇನ್ನೇನನ್ನಾದರೂ ಕಟ್ಟಿದರೆ ವಿದ್ಯುತ್ ಸಂಕೇತ ಸಿಗುತ್ತದೆ. ಹಳೆಯ ರೇಡಿಯೋದಲ್ಲಿ ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿ ಇತ್ತಲ್ಲ, ಅಂಥ ರೋಧಕದ ಮೇಲೆ ಜಾರುವ ಕೈಯೊಂದನ್ನು ಕಟ್ಟುವುದು ಒಂದು ಬಗೆ. ಟ್ರಾಕ್ಟರಿನ ಮುಳ್ಳಿನ ಆಯಿಲ್ ಗೇಜಿನ ಕಳುಹುಗುಬಟೆಯಲ್ಲಿ ಹೆಚ್ಚಾಗಿ ಇಂಥದೇ ವ್ಯವಸ್ಥೆ. ಜಾರುವ ಜಾಗ ಕಾಲಕ್ರಮೇಣ ಸವೆಯುವುದು ಇದರ ದೋಷ. ಸವೆಯದ ಇನ್ನೊಂದು ಬಗೆಯಲ್ಲಿ ತುದಿಗೆ ಚಿಕ್ಕ ಕಬ್ಬಿಣದ ತುಂಡು ಕಟ್ಟಿ, ಅದು ತಂತಿಯ ಸುರುಳಿಗಳ ನಡುವೆ ಯಾವುದಕ್ಕೂ ತಾಗದೆ ಆಡುವಂತೆ ಮಾಡುತ್ತಾರೆ. ತುಂಡು ಸರಿದಂತೆ ಸುರುಳಿಗಳಲ್ಲಿ ಹುಟ್ಟುವ ವೋಲ್ಟೇಜು ಬದಲಾಗುತ್ತದೆ. ಕಾರ್ಖಾನೆಗಳಲ್ಲಿ ಇದು ಬಹುಕಾಲ ನಡೆಯಿತು. ನಮ್ಮ ತೋಟಕ್ಕೆ ಬರಲಿಲ್ಲ, ಬರುವ ಅಗತ್ಯವೂ ಈಗಿಲ್ಲ.

ಎಳೆದ ತಂತಿಯ ಕಥೆ

ಈಗಿನ ಸೆನ್ಸರುಗಳು ಹಿಡಿದಿರುವ ದಾರಿ ಬೇರೆ. ಲೋಹದ ತಂತಿಯನ್ನು ಎಳೆದರೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆಂದು ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್ ೧೮೫೬ರಲ್ಲಿಯೇ ತೋರಿಸಿದ್ದ. ಏಕೆ ಹೆಚ್ಚುತ್ತದೆ? ಎಳೆದಾಗ ತಂತಿ ಉದ್ದವೂ ಆಗುತ್ತದೆ, ತೆಳುವೂ ಆಗುತ್ತದೆ. ಎರಡಂಗುಲದ ಪೈಪಿನಲ್ಲಿ ಸರಾಗವಾಗಿ ಹರಿಯುವ ನೀರನ್ನು ಒಂದಂಗುಲದ ಉದ್ದನೆಯ ಪೈಪಿಗೆ ತಿರುಗಿಸಿದರೆ ಏನಾಗುತ್ತದೆಂದು ರೈತನಿಗೆ ಹೇಳಿಕೊಡಬೇಕೆ? ಕರೆಂಟಿನ ಪಾಡೂ ಅದೇ.

ಈ ಸಂಗತಿಯನ್ನು ಕೆಲಸಕ್ಕೆ ಹಚ್ಚಲು ಎಂಬತ್ತು ವರ್ಷ ಹಿಡಿಯಿತು. ೧೯೩೮ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಸಣ್ಣ ತಂತಿಯನ್ನು ಹಾವಿನ ನಡಿಗೆಯಂತೆ ಮಡಚಿ ಲೋಹದ ಮೇಲೆ ಅಂಟಿಸಿ ಅಳೆಯುವ ವಿಧಾನ ಕಂಡುಕೊಂಡರು. ಇದನ್ನೇ ಸ್ಟ್ರೇನ್ ಗೇಜ್ ಎನ್ನುವುದು. ಒತ್ತಡದಿಂದ ಪೊರೆ ಉಬ್ಬಿದರೆ ಅದಕ್ಕೆ ಅಂಟಿದ ತಂತಿಯೂ ಅದರ ಜೊತೆ ಹಿಗ್ಗುತ್ತದೆ. ರೋಧ ಬದಲಾಗುತ್ತದೆ.

ಆದರೆ ಎಷ್ಟು ಬದಲಾಗುತ್ತದೆ ಎಂಬುದೇ ತೊಡಕಿನ ಭಾಗ. ಒಂದು ಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಹಿಗ್ಗಿದರೆ, ಲೋಹದ ಗೇಜಿನ ರೋಧ ನೂರಕ್ಕೆ ೦.೨ ಭಾಗ ಮಾತ್ರ ಏರುತ್ತದೆ. ೩೫೦ ಓಮಿನ ಗೇಜು ೩೫೦.೭ ಆಗುತ್ತದೆ. ಬಿಸಿಲು ಏರಿದರೂ ರೋಧ ಅಷ್ಟೇ ಬದಲಾಗಬಹುದು. ಹಾಗಿರುವಾಗ ಒತ್ತಡದಿಂದಾದ ಬದಲಾವಣೆ ಯಾವುದು, ಬಿಸಿಲಿನಿಂದಾದದ್ದು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಇದಕ್ಕೆ ತಕ್ಕಡಿಯಂಥದೊಂದು ಉಪಾಯವಿದೆ. ನಾಲ್ಕು ಗೇಜುಗಳನ್ನು ಚೌಕಾಕಾರದಲ್ಲಿ ಜೋಡಿಸಿ, ಎರಡು ಹಿಗ್ಗುವ ಜಾಗದಲ್ಲಿಯೂ ಎರಡು ಕುಗ್ಗುವ ಜಾಗದಲ್ಲಿಯೂ ಇಡುತ್ತಾರೆ. ಬಿಸಿಲಿಗೆ ನಾಲ್ಕೂ ಒಂದೇ ಸಮ ಬದಲಾಗುವುದರಿಂದ ತಕ್ಕಡಿ ವಾಲುವುದಿಲ್ಲ. ಒತ್ತಡಕ್ಕೆ ಎರಡು ಏರಿ ಎರಡು ಇಳಿಯುವುದರಿಂದ ವಾಲುತ್ತದೆ. ವೀಟ್‌ಸ್ಟನ್ ಬ್ರಿಜ್ ಎಂಬ ಹೆಸರನ್ನು ವಿಜ್ಞಾನ ಓದಿದ ಮಕ್ಕಳು ಕೇಳಿರುತ್ತಾರೆ. ನಿಜವಾಗಿ ಅದನ್ನು ೧೮೩೩ರಲ್ಲಿ ಯೋಚಿಸಿದವನು ಸ್ಯಾಮ್ಯುಯೆಲ್ ಕ್ರಿಸ್ಟಿ. ಹತ್ತು ವರ್ಷದ ಮೇಲೆ ವೀಟ್‌ಸ್ಟನ್ ಬಳಕೆಗೆ ತಂದ, ಹೆಸರೂ ಅವನದಾಯಿತು. ಬೆಳೆದವನೊಬ್ಬ, ಮಾರಿದವನೊಬ್ಬ ಎಂಬುದು ವಿಜ್ಞಾನದಲ್ಲಿಯೂ ಉಂಟು.

ಹತ್ತು ವೋಲ್ಟ್ ಕೊಟ್ಟರೆ ಈ ತಕ್ಕಡಿ ಪೂರ್ತಿ ವಾಲಿದಾಗ ಸಿಗುವುದು ಇಪ್ಪತ್ತು ಮಿಲಿವೋಲ್ಟ್ ಆಸುಪಾಸು. ಟಾರ್ಚಿನ ಒಂದು ಸೆಲ್ಲಿನ ಎಪ್ಪತ್ತೈದರಲ್ಲಿ ಒಂದು ಪಾಲು. ೧೯೫೪ರಲ್ಲಿ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ ಸಿಲಿಕಾನ್ ಮತ್ತು ಜರ್ಮೇನಿಯಂ ಹರಳುಗಳಲ್ಲಿ ಇದೇ ಪರಿಣಾಮ ಲೋಹಕ್ಕಿಂತ ಹತ್ತಾರು ಪಟ್ಟು ಹೆಚ್ಚೆಂದು ಪ್ರಕಟಿಸಿದ. ಅಲ್ಲಿಂದ ಸೆನ್ಸರ್ ಅಗ್ಗವಾಗುತ್ತ, ಚಿಕ್ಕದಾಗುತ್ತ ಬಂತು. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವ ಎಲೆಕ್ಟ್ರಾನಿಕ್ ಯಂತ್ರದೊಳಗೆ ಇರುವುದು ಇಂಥದೇ ಸಿಲಿಕಾನ್ ಚೂರು. ತೋಟದ ಸೆನ್ಸರಿನಲ್ಲಿ ಆ ಚೂರಿಗೆ ನೀರು ನೇರವಾಗಿ ತಾಗಬಾರದೆಂದು ಮುಂದೆ ತುಕ್ಕು ಹಿಡಿಯದ ಉಕ್ಕಿನ ಪೊರೆ, ನಡುವೆ ಎಣ್ಣೆ ತುಂಬಿರುತ್ತಾರೆ. ಪೊರೆಯನ್ನು ನೀರು ತಳ್ಳುತ್ತದೆ, ಎಣ್ಣೆ ಚೂರನ್ನು ತಳ್ಳುತ್ತದೆ. ಆ ಪೊರೆಯನ್ನು ಮೊಳೆಯಿಂದ ಕೆದಕಿ ಕೆಸರು ತೆಗೆಯಲು ಹೋದವರ ಸೆನ್ಸರ್ ಅಂದಿಗೇ ಮುಗಿಯುತ್ತದೆ.

ನಾಲ್ಕರಿಂದ ಶುರುವಾಗುವ ಲೆಕ್ಕ

ಮಿಲಿವೋಲ್ಟನ್ನು ತೋಟದ ಉದ್ದಕ್ಕೂ ತಂತಿಯಲ್ಲಿ ಕಳಿಸಿದರೆ ದಾರಿಯಲ್ಲೇ ಸತ್ತುಹೋಗುತ್ತದೆ. ಆದ್ದರಿಂದ ಸೆನ್ಸರಿನ ಬೆನ್ನಿಗೇ ಒಂದು ಚಿಕ್ಕ ಮಂಡಲವಿಟ್ಟು ಅದನ್ನು ೪ರಿಂದ ೨೦ ಮಿಲಿಆಂಪಿಯರ್ ಕರೆಂಟಾಗಿ ಬದಲಿಸುತ್ತಾರೆ. ಸೊನ್ನೆ ಒತ್ತಡಕ್ಕೆ ೪, ಪೂರ್ಣ ಒತ್ತಡಕ್ಕೆ ೨೦. ಸೊನ್ನೆಗೆ ಸೊನ್ನೆಯನ್ನೇ ಇಡದೆ ನಾಲ್ಕನ್ನು ಇಟ್ಟದ್ದರಲ್ಲಿ ದೊಡ್ಡ ಜಾಣತನವಿದೆ. ಒತ್ತಡವೇ ಇಲ್ಲದಿದ್ದಾಗ ನಾಲ್ಕು ತೋರಿಸಬೇಕು. ನಿಜವಾಗಿ ಸೊನ್ನೆ ಬಂತೆಂದರೆ ಇಲಿ ತಂತಿ ಕಡಿದಿದೆ ಎಂದರ್ಥ. 'ನೀರಿಲ್ಲ' ಎಂಬುದಕ್ಕೂ 'ನನ್ನ ಬಾಯಿ ಕಟ್ಟಿದೆ' ಎಂಬುದಕ್ಕೂ ವ್ಯತ್ಯಾಸ ಹೇಳುವ ಯಂತ್ರ ಇದು. ಅನೇಕ ಮನುಷ್ಯರಿಗೂ ಅದು ಬರುವುದಿಲ್ಲ.

ಸೊನ್ನೆಯಿಂದ ಹತ್ತು ಕೆ.ಜಿ.ಯವರೆಗೆ ಅಳೆಯುವ ಸೆನ್ಸರ್ ಎಂದಿಟ್ಟುಕೊಳ್ಳಿ. ಇಲ್ಲಿ ಕೆ.ಜಿ. ಎಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವ ಭಾರ. ಒಂದೊಂದು ಕೆ.ಜಿ.ಗೆ ೧.೬ ಮಿಲಿಆಂಪಿಯರ್ ಏರುತ್ತದೆ. ಮೂರು ಕೆ.ಜಿ. ಇದ್ದಾಗ ೮.೮, ಐದು ಇದ್ದಾಗ ೧೨. ಎಲೆಕ್ಟ್ರಿಷಿಯನ್ ಬಳಿ ಇರುವ ಸಾಧಾರಣ ಮಲ್ಟಿಮೀಟರನ್ನು ತಂತಿಯ ನಡುವೆ ಸೇರಿಸಿ ಇದನ್ನು ಓದಬಹುದು. ಯಾವ ಕಂಪನಿಯ ಸೆನ್ಸರ್ ಆದರೂ ಇದೇ ಲೆಕ್ಕ. ಆದ್ದರಿಂದಲೇ ಕೊಳ್ಳುವಾಗ "ನಿಮ್ಮ ಸೆನ್ಸರಿನ ಔಟ್‌ಪುಟ್ ನಾಲ್ಕು-ಇಪ್ಪತ್ತೋ? ರೇಂಜ್ ಎಷ್ಟು?" ಎಂದು ಎರಡೇ ಪ್ರಶ್ನೆ ಕೇಳಿರೆಂದು ನಾನು ಹೇಳುವುದು. "ಅದೆಲ್ಲ ಆ್ಯಪಿನಲ್ಲಿ ಬರುತ್ತೆ" ಎಂಬ ಉತ್ತರ ಬಂದರೆ ಮುಂದಿನ ಮಳಿಗೆಗೆ ನಡೆಯುವುದು ಲೇಸು. ಬಾಯಿ ಹೊಲಿದ ಪೆಟ್ಟಿಗೆ ಕೆಟ್ಟರೆ ಊರಿನಲ್ಲಿ ಯಾರೂ ರಿಪೇರಿ ಮಾಡಲಾರರು. ಕಂಪನಿ ಮುಚ್ಚಿದರೆ ಆ್ಯಪೂ ಮುಚ್ಚಿತು.

ಒಂದು ಅಂಕಿಯಲ್ಲಿ ಮೂರು ಸುದ್ದಿ

ಇನ್ನು ಇದರಿಂದ ಪಂಪಿಗೇನು ಪ್ರಯೋಜನ ಎಂಬ ಮಾತು. ಸ್ಟಾರ್ಟರ್ ಪ್ಯಾನೆಲ್ಲಿನಲ್ಲಿ ಆಂಪಿಯರ್ ಮೀಟರು ಈಗಾಗಲೇ ಇರುತ್ತದೆ. ಡ್ರೈರನ್ ತಡೆಯುವ ಪೆಟ್ಟಿಗೆಗಳೂ ಹೆಚ್ಚಿನವು ಆಂಪಿಯರ್ ಇಳಿದುದನ್ನು ನೋಡಿಯೇ ಮೋಟಾರ್ ನಿಲ್ಲಿಸುತ್ತವೆ. ಒಳ್ಳೆಯದೇ. ಆದರೆ ನಮ್ಮ ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಏರಿಳಿದಂತೆ ಆಂಪಿಯರೂ ಏರಿಳಿಯುತ್ತದೆ. ಪೆಟ್ಟಿಗೆ ಸುಮ್ಮಸುಮ್ಮನೆ ಮೋಟಾರ್ ಕಡಿದುಹಾಕುತ್ತದೆ, ರೈತ ಬೇಸತ್ತು ಅದನ್ನು ಬೈಪಾಸ್ ಮಾಡಿಸುತ್ತಾನೆ. ಆಮೇಲೆ ಇದ್ದೂ ಇಲ್ಲದಂತೆ.

ಆಂಪಿಯರ್ ಜೊತೆಗೆ ಒತ್ತಡವನ್ನೂ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒತ್ತಡವೂ ಇಳಿದು ಆಂಪಿಯರೂ ಇಳಿದರೆ ಬಾವಿಯಲ್ಲಿ ನೀರು ಮುಗಿದಿದೆ. ಒತ್ತಡ ಇಳಿದು ಆಂಪಿಯರ್ ಏರಿದರೆ ಎಲ್ಲಿಯೋ ಪೈಪು ಒಡೆದು ನೀರು ಎಗ್ಗಿಲ್ಲದೆ ಹೋಗುತ್ತಿದೆ. ಒತ್ತಡ ಏರಿ ಆಂಪಿಯರ್ ಇಳಿದರೆ ಗೇಟ್‌ವಾಲ್ವ್ ಮುಚ್ಚಿದೆ, ಇಲ್ಲವೆ ಫಿಲ್ಟರ್ ಕಟ್ಟಿದೆ. ನಮ್ಮ ಸಾಮಾನ್ಯ ಕೊಳವೆ ಬಾವಿ ಪಂಪುಗಳ ಸ್ವಭಾವ ಇದು. ಸಬ್‌ಮರ್ಸಿಬಲ್ ಮೋಟಾರಿಗೆ ತಂಪು ಸುತ್ತಲಿನ ನೀರಿನಿಂದಲೇ, ಬೇರಿಂಗಿಗೆ ಜಾರು ಎಣ್ಣೆಯೂ ನೀರೇ. ನೀರಿಲ್ಲದೆ ಓಡಿದರೆ ಸುಡಲು ಬಹಳ ಹೊತ್ತು ಬೇಡ. ಸುಟ್ಟ ಮೇಲೆ ರಿವೈಂಡಿಂಗ್ ಖರ್ಚಿನ ಜೊತೆಗೆ ಪಂಪು ಎತ್ತಿಸಿ ಇಳಿಸುವ ಗಾಡಿಯ ಬಾಡಿಗೆ, ಬೇಸಿಗೆಯಾದರೆ ಸರದಿ ಕಾಯುವ ದಿನಗಳು, ಅಷ್ಟರೊಳಗೆ ಬಾಡಿದ ಬೆಳೆ. ಇಷ್ಟಕ್ಕೆ ಹೋಲಿಸಿದರೆ ಒಂದು ಪ್ರೆಶರ್ ಸ್ವಿಚ್ಚಿನ ಬೆಲೆ ಏನೇನೂ ಅಲ್ಲ. ಅದನ್ನು ಭೂಮಿಯ ಮೇಲಿನ ಡೆಲಿವರಿ ಪೈಪಿಗೆ ಹಾಕಿಸಿ, ಟೈಮರಿನ ಮೂಲಕ ಸ್ಟಾರ್ಟರಿಗೆ ಸೇರಿಸಬೇಕು. ಪೈಪು ತುಂಬಿ ನೀರು ಮೇಲೆ ಬರುವಷ್ಟು ಹೊತ್ತು ಬಿಟ್ಟು, ಆಗಲೂ ಒತ್ತಡ ಬರದಿದ್ದರೆ ಮೋಟಾರ್ ನಿಲ್ಲುವಂತೆ. ಆಟೋ ಸ್ಟಾರ್ಟರ್ ಇಟ್ಟುಕೊಂಡು ರಾತ್ರಿ ಮನೆಯಲ್ಲಿ ಮಲಗುವವರು ಇದನ್ನು ಹಾಕಿಸಲೇಬೇಕು.

ಮುಳ್ಳಿನ ಮಾಪಕವೊಂದೇ ಇದ್ದರೂ ಅದರಿಂದ ಬಾವಿಯ ಸುದ್ದಿ ತಿಳಿಯಬಹುದು. ಪಂಪು ಎತ್ತಬಲ್ಲ ಗರಿಷ್ಠ ಎತ್ತರ ಅದರ ಗುಣ. ಅದು ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ನೀರು ಆಳಕ್ಕೆ ಇಳಿದಂತೆ ಆ ಶಕ್ತಿಯಲ್ಲಿ ಹೆಚ್ಚು ಪಾಲು ನೀರೆತ್ತಲು ಖರ್ಚಾಗಿ, ಮೇಲಿನ ಮಾಪಕಕ್ಕೆ ಉಳಿಯುವುದು ಕಡಿಮೆ. ಹತ್ತು ಮೀಟರ್ ನೀರು ಎಂದರೆ ಒಂದು ಕೆ.ಜಿ. ಯುಗಾದಿಯ ಹೊತ್ತಿಗೆ, ಮೋಟಾರ್ ಹಾಕಿದ ಮೊದಲ ನಿಮಿಷಗಳಲ್ಲಿ ವಾಲ್ವನ್ನು ಕ್ಷಣಕಾಲ ಮುಚ್ಚಿ ಮುಳ್ಳು ನೋಡಿ ಬರೆದಿಡಿ. ಒಂದು ತಿಂಗಳ ಮೇಲೆ ಅದೇ ರೀತಿ ನೋಡಿದಾಗ ಒಂದು ಕೆ.ಜಿ. ಇಳಿದಿದ್ದರೆ ನೀರು ಸುಮಾರು ಮೂವತ್ತಮೂರು ಅಡಿ ಕೆಳಗೆ ಹೋಗಿದೆ ಎಂದು ತಿಳಿಯಬಹುದು. ಹಳೆಯ ಪೈಪು, ಸಡಿಲ ಜಾಯಿಂಟು ಇರುವವರು ಮಾತ್ರ ವಾಲ್ವ್ ಮುಚ್ಚುವ ಸಾಹಸ ಮಾಡಬಾರದು. ಪಂಪಿನ ಇಂಪೆಲ್ಲರ್ ಸವೆದರೂ ಮುಳ್ಳು ಇಳಿಯುತ್ತದೆ. ಮರಳು ಬರುವ ಬಾವಿಯವರು ಅದನ್ನೂ ಗಮನದಲ್ಲಿಡಬೇಕು.

ಡ್ರಿಪ್ ಹಾಕಿದವರ ಮಾತು ಬೇರೆಯೇ. ಸಾಧಾರಣ ಡ್ರಿಪ್ಪರ್ ತನ್ನ ಪೂರ್ತಿ ನೀರು ಕೊಡುವುದು ಸುಮಾರು ಒಂದು ಕೆ.ಜಿ. ಒತ್ತಡದಲ್ಲಿ. ಲೈನಿನ ಕೊನೆಯಲ್ಲಿ ಒತ್ತಡ ಅರ್ಧಕ್ಕೆ ಇಳಿದರೆ ನೀರು ಅರ್ಧವಾಗುವುದಿಲ್ಲ, ನೂರಕ್ಕೆ ಎಪ್ಪತ್ತರಷ್ಟಕ್ಕೆ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗದ ವ್ಯತ್ಯಾಸ. ಗೊತ್ತಾಗುವುದು ಗಿಡಕ್ಕೆ. ಕೊನೆಯ ಸಾಲಿನ ಗಿಡ ಸೊರಗಿದೆಯೆಂದು ರೈತ ಇನ್ನೊಂದು ಗಂಟೆ ಹೆಚ್ಚು ಬಿಡುತ್ತಾನೆ. ಮೊದಲ ಸಾಲಿನವಕ್ಕೆ ನೀರು ಹೆಚ್ಚಾಗಿ ಬೇರಿಗೆ ಉಸಿರುಕಟ್ಟುತ್ತದೆ. ನೀರಿನ ಜೊತೆ ಬಿಟ್ಟ ಗೊಬ್ಬರವೂ ಅದೇ ಪ್ರಮಾಣದಲ್ಲಿ ತಾರತಮ್ಯವಾಗುತ್ತದೆ. ಒತ್ತಡ ನೋಡಿಕೊಂಡು ಒಂದೇ ಸಮ ನೀರು ಬಿಡುವ ಡ್ರಿಪ್ಪರುಗಳು ಬಂದಿವೆ, ನಿಜ. ಆದರೆ ಅವಕ್ಕೂ ಕನಿಷ್ಠ ಒತ್ತಡವೊಂದು ಬೇಕೇ ಬೇಕು. ಫಿಲ್ಟರಿನ ಮುಂದೆ ಒಂದು, ಹಿಂದೆ ಒಂದು ಮಾಪಕವಿದ್ದು ಅವೆರಡರ ಅಂತರ ಅರ್ಧ ಕೆ.ಜಿ. ಮುಟ್ಟಿದರೆ ಫಿಲ್ಟರ್ ತೊಳೆಯುವ ಹೊತ್ತಾಯಿತೆಂದು ಲೆಕ್ಕ. ಮಾಪಕವಿಲ್ಲದವರು ಒಂದೋ ದಿನಾ ತೊಳೆಯುತ್ತಾರೆ, ಇಲ್ಲವೆ ತೊಳೆಯುವುದೇ ಇಲ್ಲ.

ನಾನು ಕಂಡ ಹಲವು ತೋಟಗಳಲ್ಲಿ ಡ್ರಿಪ್ಪಿನ ಸಾಮಾನು ಪಟ್ಟಿಯಲ್ಲಿ ಮಾಪಕದ ಹೆಸರಿತ್ತು. ತೋಟದಲ್ಲಿ ಅದನ್ನು ಹಾಕುವ ತೂತಿಗೆ ಬಿರಡೆ ಜಡಿದಿತ್ತು. ಕೆಲವು ಕಡೆ ಮಾಪಕವಿದ್ದರೂ ಪಂಪು ನಿಂತಾಗಲೂ ಮುಳ್ಳು ಎರಡರ ಮೇಲೆಯೇ ನಿಂತಿತ್ತು. ಪೈಪಿನ ಉದ್ದ ಅಳೆಯುತ್ತಾರೆ, ಫೋಟೋ ತೆಗೆಯುತ್ತಾರೆ. ಆ ಹೊತ್ತಿನಲ್ಲಿ ಮೋಟಾರ್ ಹಾಕಿಸಿ ಲೈನಿನ ಕೊನೆಯಲ್ಲಿ ಒತ್ತಡ ಎಷ್ಟಿದೆಯೆಂದು ನೋಡಿ ಬರೆಯುವುದು ಇನ್ನೈದು ನಿಮಿಷದ ಕೆಲಸ. ಸಾರ್ವಜನಿಕ ಹಣದಿಂದ ಸಹಾಯಧನ ಕೊಡುವಾಗ ಆ ಐದು ನಿಮಿಷವನ್ನು ಕಡ್ಡಾಯ ಮಾಡಬೇಕೆಂದು ನನ್ನ ಖಚಿತ ಅಭಿಪ್ರಾಯ. ಕೊನೆಯ ಡ್ರಿಪ್ಪರಿನಲ್ಲಿ ಒತ್ತಡವಿಲ್ಲದ ಡ್ರಿಪ್ಪಿಗೆ ಬಿಲ್ಲು ಪಾಸಾಗುವುದು ನ್ಯಾಯವಲ್ಲ.

ತೆಂಗಿನ ಮರದಲ್ಲಿ ಪರೀಕ್ಷೆ

ಮಾಪಕ ಸರಿಯಿದೆಯೇ ಎಂದು ಪರೀಕ್ಷಿಸಲು ಪೇಟೆಗೆ ಹೋಗಬೇಕಾದ್ದಿಲ್ಲ. ಹತ್ತು ಮೀಟರ್ ಎತ್ತರದ ನೀರಿನ ಕಂಬ, ಅದು ಬೆರಳು ಗಾತ್ರದ ಕೊಳವೆಯಲ್ಲಿರಲಿ, ಕೆರೆಯಷ್ಟು ಅಗಲವಿರಲಿ, ತಳದಲ್ಲಿ ಕೊಡುವುದು ಒಂದೇ ಕೆ.ಜಿ. ಒತ್ತಡ. ಪಾರದರ್ಶಕ ಹೋಸ್ ಪೈಪೊಂದನ್ನು ತೆಂಗಿನ ಮರಕ್ಕೆ ಕಟ್ಟಿಸಿ, ತಳಕ್ಕೆ ಮಾಪಕ ಅಥವಾ ಸೆನ್ಸರ್ ಕೂರಿಸಿ, ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿಸಿ. ಐದು ಮೀಟರಿಗೆ ಅರ್ಧ, ಹತ್ತಕ್ಕೆ ಒಂದು ತೋರಿಸಬೇಕು. ಮೇಲೆ ಹೇಳಿದ ಹತ್ತು ಕೆ.ಜಿ. ಸೆನ್ಸರಾದರೆ ೪.೮, ಆಮೇಲೆ ೫.೬ ಮಿಲಿಆಂಪಿಯರ್. ಮನೆಯ ಮೇಲಿನ ತೊಟ್ಟಿಯಿಂದಲೂ ಇದನ್ನು ಮಾಡಬಹುದು, ನಲ್ಲಿಗಳೆಲ್ಲ ಮುಚ್ಚಿರಬೇಕು ಅಷ್ಟೇ.

ರೇಂಜಿನ ವಿಷಯದಲ್ಲಿ ಬಹುಮಂದಿ ಎಡವುತ್ತಾರೆ. ದೊಡ್ಡದಿದ್ದರೆ ಒಳ್ಳೆಯದೆಂದು ಇಪ್ಪತ್ತೈದು ಕೆ.ಜಿ.ಯ ಸೆನ್ಸರ್ ತಂದು ಒಂದು ಕೆ.ಜಿ.ಯ ಡ್ರಿಪ್ ಲೈನಿಗೆ ಹಾಕುತ್ತಾರೆ. ನೂರಕ್ಕೆ ಅರ್ಧದಷ್ಟು ಮಾತ್ರ ತಪ್ಪು ಎಂದು ಚೀಟಿಯಲ್ಲಿ ಬರೆದಿದ್ದರೆ ಅದು ಪೂರ್ಣ ರೇಂಜಿನ ಮೇಲಿನ ಲೆಕ್ಕ. ಇಪ್ಪತ್ತೈದರಲ್ಲಿ ಅರ್ಧಾಂಶವೆಂದರೆ ಸುಮಾರು ನೂರಿಪ್ಪತ್ತೈದು ಗ್ರಾಂ. ಒಂದು ಕೆ.ಜಿ.ಯಲ್ಲಿ ಎರಡಾಣೆ ಪಾಲು ತಪ್ಪು! ಭತ್ತದ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಕೆಲಸದ ಒತ್ತಡದ ಒಂದೂವರೆಯಿಂದ ಎರಡು ಪಟ್ಟು ರೇಂಜ್ ಸಾಕು. ಕರೆಂಟು ಹಠಾತ್ತನೆ ಹೋದಾಗ ನೀರು ಹಿಂದಿರುಗಿ ವಾಲ್ವಿಗೆ ಬಡಿಯುವ ಹೊಡೆತ ಇದಕ್ಕಿಂತ ಹೆಚ್ಚಿರುತ್ತದೆ. ಅದನ್ನು ತಡೆಯಲು ಮಾಪಕದ ಕೆಳಗೆ ಸಣ್ಣ ರಂಧ್ರದ ಸ್ನಬ್ಬರ್ ಹಾಕಿಸಿ, ಮುಳ್ಳಿನದಾದರೆ ಗ್ಲಿಸರಿನ್ ತುಂಬಿದ್ದನ್ನು ತನ್ನಿ. ಪೈಪಿನ ತಳಭಾಗಕ್ಕೆ ಕೂರಿಸಬೇಡಿ, ಮರಳು ತುಂಬುತ್ತದೆ. ಬದಿಗೆ ಕೂರಿಸಿ ನೆರಳು ಮಾಡಿ.

ಎರಡೆಕರೆ ತರಕಾರಿ ಮಾಡಿಕೊಂಡು ಮೋಟಾರಿನ ಪಕ್ಕದಲ್ಲೇ ಇರುವವರಿಗೆ ವಿದ್ಯುತ್ ಸೆನ್ಸರ್ ಏಕೆ, ಮುಳ್ಳಿನ ಮಾಪಕ ಸಾಲದೆ ಎಂದು ಕೇಳಬಹುದು. ಸಾಲುತ್ತದೆ. ಅವರು ಸೆನ್ಸರಿಗೆ ಹಣ ಸುರಿಯುವುದು ಬೇಡವೆಂದೇ ನಾನೂ ಹೇಳುತ್ತೇನೆ. ನೋಡುವ ಕಣ್ಣು ಹತ್ತಿರವಿಲ್ಲದ ಕಡೆ, ಹಲವು ತುಂಡು ಜಮೀನಿಗೆ ಒಂದೇ ಬಾವಿಯಿರುವ ಕಡೆ, ರಾತ್ರಿ ಪಾಳಿಯ ಕರೆಂಟಿನ ಕಡೆ ಮಾತ್ರ ಸೆನ್ಸರಿಗೆ ಬೆಲೆ. ಹಾಕಿಸಿದರೂ ಪಕ್ಕದಲ್ಲಿ ಮುಳ್ಳಿನದೊಂದು ಇರಲಿ. ಇಬ್ಬರು ಸಾಕ್ಷಿಗಳಿದ್ದರೆ ಸುಳ್ಳು ಬೇಗ ಸಿಕ್ಕಿಬೀಳುತ್ತದೆ.

ಗೋಡೆಯ ಮೇಲೆ ಬರೆಯಲಿ

ಬಾವಿಯೊಳಗೇ ಇಳಿಬಿಡುವ ಸೆನ್ಸರುಗಳೂ ಇವೆ. ಸೆನ್ಸರ್ ತನ್ನ ಮೇಲೆ ನಿಂತ ನೀರಿನ ಭಾರವನ್ನು ಅಳೆಯುತ್ತದೆ. ನೂರೈವತ್ತು ಮೀಟರಿಗೆ ಇಳಿಬಿಟ್ಟದ್ದು ಮೂರು ಕೆ.ಜಿ. ತೋರಿಸಿದರೆ ಅದರ ಮೇಲೆ ಮೂವತ್ತು ಮೀಟರ್ ನೀರಿದೆ; ಅಂದರೆ ನೀರಿನ ಮಟ್ಟ ನೆಲದಿಂದ ನೂರಿಪ್ಪತ್ತು ಮೀಟರ್ ಕೆಳಗೆ. ನೀರಿನ ಮೇಲೆ ಗಾಳಿಯ ಭಾರವೂ ಇರುವುದರಿಂದ ಅದನ್ನು ಕಳೆಯಲು ಕೇಬಲಿನೊಳಗೆ ಕೂದಲಿನಂಥ ಗಾಳಿಕೊಳವೆಯೊಂದನ್ನು ಮೇಲಿನವರೆಗೆ ತಂದಿರುತ್ತಾರೆ. ಅದರ ತುದಿಗೆ ತೇವ ಹೀರುವ ಪುಡಿಯ ಡಬ್ಬಿ. ಮಳೆಗಾಲದಲ್ಲಿ ಆ ಪುಡಿ ಬದಲಿಸದಿದ್ದರೆ ಕೊಳವೆಗೆ ತೇವ ಇಳಿದು ಸೆನ್ಸರ್ ಸುಳ್ಳು ಹೇಳತೊಡಗುತ್ತದೆ.

ಅಂತರ್ಜಲ ಮಟ್ಟವನ್ನು ತಾನೇ ಅಳೆದು ದೂರಕ್ಕೆ ಕಳಿಸುವ ಇಂಥ ಯಂತ್ರಗಳನ್ನು ಕೇಂದ್ರ ಅಂತರ್ಜಲ ಮಂಡಳಿಯೂ ರಾಜ್ಯಗಳ ಇಲಾಖೆಗಳೂ ನಿರೀಕ್ಷಣಾ ಬಾವಿಗಳಲ್ಲಿ ಇಳಿಬಿಟ್ಟಿವೆ. ೨೦೧೯ರ ಡಿಸೆಂಬರಿನಲ್ಲಿ ಪ್ರಾರಂಭವಾದ ಅಟಲ್ ಭೂಜಲ ಯೋಜನೆಯ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀರಿನ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಜನರೇ ಇಡಬೇಕೆಂಬುದು ಅದರ ಆಶಯ. ಆಶಯ ಒಳ್ಳೆಯದು. ಆದರೆ ಬಾವಿಯೊಳಗಿನ ಅಂಕಿ ಬೆಂಗಳೂರು ಅಥವಾ ದೆಹಲಿಯ ಗಣಕಯಂತ್ರವನ್ನು ಮುಟ್ಟಿದಷ್ಟು ಬೇಗ ಪಕ್ಕದ ಹೊಲದವನ ಕಿವಿ ಮುಟ್ಟಬೇಕಲ್ಲವೆ? ಹೊಸ ಬಾವಿ ಕೊರೆಸಲು ಸಾಲ ಮಾಡಹೊರಟವನಿಗೆ, ಬೇಸಿಗೆಗೆ ಭತ್ತವೋ ರಾಗಿಯೋ ಎಂದು ಯೋಚಿಸುವವನಿಗೆ ಆ ಅಂಕಿಯಿಂದ ಪ್ರಯೋಜನ.

ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಡ. ಪಂಚಾಯಿತಿ ಕಚೇರಿಯ ಗೋಡೆಗೆ ಕಪ್ಪು ಬಣ್ಣ ಬಳಿದು ನಿರೀಕ್ಷಣಾ ಬಾವಿಯ ನೀರಿನ ಮಟ್ಟವನ್ನು ಪ್ರತಿ ಸೋಮವಾರ ಸೀಮೆಸುಣ್ಣದಲ್ಲಿ ಬರೆಯಲಿ. ಪಕ್ಕದಲ್ಲಿ ಹಿಂದಿನ ವಾರದ್ದು, ಹಿಂದಿನ ವರ್ಷ ಇದೇ ವಾರದ್ದು. ಅಡಿಯಲ್ಲಿ ಬರೆಯಲಿ, ಮೀಟರಿನಲ್ಲಲ್ಲ. ಬೋರಿನ ಆಳವನ್ನು ನಮ್ಮವರು ಲೆಕ್ಕ ಹಾಕುವುದು ಅಡಿಯಲ್ಲಿಯೇ.